ಡಿಟೆಕ್ಟರ್ ತಂದರೆ ನಮ್ಮ ಗುಡ್ಡೆ, ತೋಟದಲ್ಲಿ ಚಿನ್ನ ಸಿಕ್ಕೀತೇ?

ನಮ್ಮ ಕಾಸರಗೋಡಿನ ಪೆರ್ಲದ ತಮ್ಮನೊಬ್ಬ ಕೇಳಿದ್ದು ಇಷ್ಟು: ದುಬಾಯಿಯಲ್ಲಿರುವ ಭಾವ ಊರಿಗೆ ಬರುವಾಗ ಮೆಟಲ್ ಡಿಟೆಕ್ಟರ್ ತರುತ್ತೇನೆ ಎನ್ನುತ್ತಿದ್ದಾರೆ, ಆಸ್ಟ್ರೇಲಿಯಾದವರು ಚಿನ್ನದ ಗಟ್ಟಿ ಅಗೆದು ತೆಗೆಯುವ ವಿಡಿಯೋ ನೋಡಿ ಆಸೆಯಾಗಿದೆ, ನಮ್ಮಲ್ಲಿ ಏನಾದರೂ ಸಿಕ್ಕೀತೇ, ಸಿಗದಿದ್ದರೆ ಈ ಹವ್ಯಾಸದಿಂದ ಏನು ಸುಖ? ನಾನು ಕೆಲವು ವರ್ಷಗಳಿಂದ ಈ ಯಂತ್ರ ಹಿಡಿದು ತಿರುಗುವವನು. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಆಸ್ಟ್ರೇಲಿಯಾದ ಮಾತು ಮುಗಿಸುವ. ವಿಕ್ಟೋರಿಯಾದ ಕಿಂಗೋವರ್ ಹತ್ತಿರ 1980ರಲ್ಲಿ ಡಿಟೆಕ್ಟರಿಗೆ ಸಿಕ್ಕಿದ ‘ಹ್ಯಾಂಡ್ ಆಫ್ ಫೇತ್’ ಗಟ್ಟಿ 27 ಕಿಲೋ ಮೀರಿ ತೂಗಿತ್ತು. ಅಲ್ಲಿಯ ನೆಲದಲ್ಲಿ ಚಿನ್ನ ಗಟ್ಟಿಗಟ್ಟಿಯಾಗಿ ಉಂಟು, ಹುಡುಕುವವರಿಗೆ ಸರ್ಕಾರವೇ ಪರವಾನಗಿ ಕೊಡುತ್ತದೆ. ನಮ್ಮಲ್ಲಿ ಎರಡೂ ಇಲ್ಲ. ಕೋಲಾರದಲ್ಲಿ ಇದ್ದದ್ದು ಬೆಣಚುಕಲ್ಲಿನೊಳಗಿನ ಸಣ್ಣ ಕಣ. ನಿಲಂಬೂರಿನ ಚಾಲಿಯಾರ್ ಹೊಳೆಯಲ್ಲಿರುವುದು ಮರಳಿನ ಜೊತೆ ಬೆರೆತ ಹುಡಿ. ಹುಡಿ ಚಿನ್ನಕ್ಕೆ ಡಿಟೆಕ್ಟರ್ ಸ್ವರ ಎತ್ತುವುದಿಲ್ಲ. ಮೇಲಾಗಿ 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಖನಿಜ ಹುಡುಕುವಂತಿಲ್ಲ. ಹಾಗಾಗಿ ಆ ಆಸೆ ಬಿಟ್ಟುಬಿಡಿ.

ನಮ್ಮೂರ ಮಣ್ಣಿನಲ್ಲಿರುವ ಚಿನ್ನ ನಮ್ಮ ಮನೆಯವರದ್ದೇ. ಅಡಿಕೆ ಹೆಕ್ಕುವಾಗ, ಸೊಪ್ಪು ಹೊರುವಾಗ, ಹುಲ್ಲು ಕೊಯ್ಯುವಾಗ ಕಿವಿಯಿಂದ, ಬೆರಳಿಂದ, ಕೊರಳಿಂದ ಬಿದ್ದುಹೋದದ್ದು. ಅದನ್ನು ಹುಡುಕಿಕೊಡುವುದರಲ್ಲಿ ಇರುವ ಸಂತೋಷ ಅನುಭವಿಸಿದವರಿಗೇ ಗೊತ್ತು.

ನೀರ್ಚಾಲಿನ ಕಡೆ ಒಬ್ಬರು ಅಕ್ಕ ತೋಟದಲ್ಲಿ ಒಂದು ಬೆಂಡೋಲೆ ಕಳಕೊಂಡಿದ್ದರು. ಮದುವೆಗೆ ತಾಯಿ ಮಾಡಿಸಿಕೊಟ್ಟದ್ದು. ಮನೆಮಂದಿ ಎಲ್ಲ ಹುಡುಕಿ ಕೈಬಿಟ್ಟಿದ್ದರು. ನಾನು ಹೋದವನೇ ಕೇಳಿದ್ದು ಇನ್ನೊಂದು ಕಿವಿಯ ಬೆಂಡೋಲೆಯನ್ನು. ಅದಕ್ಕೆ ಉದ್ದ ನೂಲು ಕಟ್ಟಿ (ನೂಲು ಕಟ್ಟದೆ ಮಣ್ಣಿಗೆ ಇಡಲೇಬಾರದು), ಅದೇ ತೋಟದ ಮಣ್ಣಿನಲ್ಲಿ ಎರಡು ಬೆರಳು ಆಳಕ್ಕೆ ಹುಗಿದು, ಮೇಲಿಂದ ಕಾಯಿಲ್ (ಯಂತ್ರದ ಕೋಲಿನ ತುದಿಯ ಬಳೆ) ಆಡಿಸಿ ಸ್ವರ ಕೇಳಿಕೊಂಡೆ, ಪರದೆಯಲ್ಲಿ ಬಂದ ಅಂಕಿ ನೋಡಿಕೊಂಡೆ. ಆಮೇಲೆ ಹುಡುಕಲು ಶುರು. ಅಡಿಕೆ ತೋಟದಲ್ಲಿ ಒಂದು ಅನುಕೂಲ ಉಂಟು: ನಮ್ಮ ಸಿಪಿಸಿಆರ್‌ಐಯವರು (ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವ 2.7 ಮೀಟರ್, ಅಂದರೆ 9 ಅಡಿ ಅಂತರಕ್ಕೆ ನೆಟ್ಟ ತೋಟವಾದರೆ ನೆಲ ಮೊದಲೇ ಚೌಕ ಚೌಕವಾಗಿರುತ್ತದೆ. ನಾಲ್ಕು ಮರದ ನಡುವಿನ ಒಂದು ಚೌಕ ಪೂರ್ತಿ ನೋಡಿ, ಮರಕ್ಕೆ ಬಾಳೆನಾರು ಕಟ್ಟಿ, ಮುಂದಿನದಕ್ಕೆ ಹೋಗುವುದು. ಕಾಯಿಲ್ ನೆಲಕ್ಕೆ ತಾಗುವಷ್ಟು ತಗ್ಗಿಸಿ, ನಿಧಾನ ಬೀಸಬೇಕು, ಒಂದರ ಮೇಲೊಂದು ಅರ್ಧ ಹಾಯುವಂತೆ.

ಮೊದಲು ಬಂದದ್ದೆಲ್ಲ ಗುಟ್ಕಾ ಚೀಟಿ, ಮಾತ್ರೆಯ ಹಾಳೆ. ಸಣ್ಣ ಚಿನ್ನ ಮತ್ತು ಅಲ್ಯೂಮಿನಿಯಂ ಹಾಳೆ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ. ಅದಕ್ಕೇ ಕಬ್ಬಿಣವನ್ನು ಬಿಟ್ಟು ಬೇರೆ ಯಾವ ಸ್ವರವನ್ನೂ ತಳ್ಳಿಹಾಕಬೇಡಿ, ಅಗೆದೇ ನೋಡಬೇಕು. ಸಂಜೆ ಹೊತ್ತಿಗೆ ನೀರು ಹೋಗುವ ಕಣಿಯ ಅಂಚಿನಲ್ಲಿ, ಕೊಳೆತ ಸೋಗೆಯ ಅಡಿಯಿಂದ ಸಣ್ಣ, ಆದರೆ ಎರಡೂ ಬದಿಯಿಂದ ಬೀಸಿದರೂ ತಪ್ಪದ ಸ್ವರ ಬಂತು. ಒಂದು ಹಿಡಿ ಕೆಸರು ತೆಗೆದು ಎರಡು ಭಾಗ ಮಾಡಿದೆ. ಸ್ವರ ಬಂದ ಭಾಗವನ್ನು ಮತ್ತೆ ಎರಡು ಮಾಡಿದೆ. ಕೊನೆಗೆ ಉಳಿದ ಉಂಡೆಯನ್ನು ಕಣಿಯ ನೀರಲ್ಲಿ ಕರಗಿಸಿದಾಗ ಬೆಂಡೋಲೆ ಬೆರಳಿಗೆ ಸಿಕ್ಕಿತು. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲವಲ್ಲ, ಮಣ್ಣು ಬಿಟ್ಟ ಕೂಡಲೇ ಹೊಸದರ ಹಾಗೆ ಹೊಳೆಯಿತು. ತಿರುಪು ಸಿಗಲಿಲ್ಲ. ಅಕ್ಕ ಬೆಂಡೋಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟರು, ತುಂಬ ಹೊತ್ತು ಮಾತಿಲ್ಲ. ಇಂಥದ್ದಕ್ಕೆ ನಾನು ಹಣ ಮುಟ್ಟುವುದಿಲ್ಲ. ಮುಟ್ಟಿದರೆ ಇದೊಂದು ಕೂಲಿ ಕೆಲಸ ಆಗಿಬಿಡುತ್ತದೆ.

ತೆಳು ಸರ ಕಳೆದರೆ ಕಷ್ಟ, ಮೊದಲೇ ಹೇಳಿಬಿಡಿ. ಸರದ ಕೊಂಡಿಗಳು ಒಂದೊಂದೂ ಸಣ್ಣ ಆದ ಕಾರಣ ಯಂತ್ರ ಅದನ್ನು ಒಂದೇ ವಸ್ತುವಾಗಿ ಕಾಣುವುದಿಲ್ಲ. ಪದಕವೋ ಕೊಕ್ಕೆಯೋ ಇದ್ದರೆ ಸ್ವರ ಬರುವುದು ಅದರಿಂದ. ಕರಿಮಣಿಯಾದರೆ ತಾಳಿಯನ್ನೇ ನಂಬಬೇಕು.

ಇನ್ನು ನಮ್ಮ ಮಣ್ಣು. ಮುರಕಲ್ಲಿನಲ್ಲಿ (ಜಂಬಿಟ್ಟಿಗೆ) ಕಬ್ಬಿಣದ ಅಂಶ ಬಹಳ, ಆದ್ದರಿಂದ ಸಾಮಾನ್ಯ ವಿಎಲ್‌ಎಫ್ (ಕಡಿಮೆ ಕಂಪನಾಂಕದ ಅಲೆ ಬಿಡುವ) ಯಂತ್ರ ಗುಡ್ಡೆಯಲ್ಲಿ ಸುಮ್ಮನೆ ಬೊಬ್ಬೆ ಹಾಕುತ್ತದೆ. ಗ್ರೌಂಡ್ ಬ್ಯಾಲೆನ್ಸ್ ಮಾಡಿಕೊಳ್ಳಬಲ್ಲ ಯಂತ್ರವೇ ಬೇಕು: ಲೋಹ ಇಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಮಾಡುತ್ತ, ಸದ್ದು ಸಮ ಆಗುವವರೆಗೆ ಹೊಂದಿಸಬೇಕು. ಪಲ್ಸ್ ಇಂಡಕ್ಷನ್ (ಬಿಟ್ಟು ಬಿಟ್ಟು ಮಿಡಿತ ಕಳಿಸುವ) ಯಂತ್ರ ಇಂಥ ಮಣ್ಣಿಗೆ ಒಳ್ಳೆಯದೇ, ಆದರೆ ಮೊಳೆ ಯಾವುದು ಚಿನ್ನ ಯಾವುದು ಎಂದು ಸರಿಯಾಗಿ ಬೇರ್ಪಡಿಸುವುದಿಲ್ಲ. ಹಳೆ ಸರಿಗೆ, ಮೊಳೆ ತುಂಬಿದ ತೋಟದಲ್ಲಿ ಅಗೆದು ಅಗೆದು ಸಾಕಾಗುತ್ತದೆ. ಪಂಪಿನ ಮೋಟಾರು ಓಡುತ್ತಿದ್ದರೆ ಬಂದ್ ಮಾಡಿಸಿ, ಅದರ ಕರೆಂಟಿಗೂ ಯಂತ್ರ ಬೊಬ್ಬೆ ಹಾಕುತ್ತದೆ. ಅಡಿಕೆ ಬೇರು ಮೇಲೆಯೇ ಹರಡಿರುತ್ತದೆ, ಪಿಕ್ಕಾಸು ಹಾಕಬೇಡಿ, ಸಣ್ಣ ಕೈಕೊಟ್ಟು (ಕೈಗುದ್ದಲಿ) ಸಾಕು. ತೆಗೆದ ಮಣ್ಣು ಮುಚ್ಚಿಯೇ ಏಳಬೇಕು.

ಕಣ್ವತೀರ್ಥ, ಬೇಕಲದ ಕಡಲ ಬದಿಯಲ್ಲಿ ಒಣ ಹೊಯಿಗೆ (ಮರಳು) ಸುಲಭ. ಉಪ್ಪುನೀರಿನ ಒದ್ದೆ ಹೊಯಿಗೆಗೆ ಮಲ್ಟಿ ಫ್ರೀಕ್ವೆನ್ಸಿ (ಹಲವು ಕಂಪನಾಂಕದಲ್ಲಿ ಒಟ್ಟಿಗೇ ಕೆಲಸ ಮಾಡುವ) ಯಂತ್ರ ಬೇಕು. ಅಲ್ಲಿ ಸಿಕ್ಕಿದ ಉಂಗುರಕ್ಕೂ ಯಜಮಾನರು ಇರುತ್ತಾರೆ, ಠಾಣೆಗೆ ಒಪ್ಪಿಸಿ. ಬೇಕಲ ಕೋಟೆ ಪುರಾತತ್ವ ಇಲಾಖೆಯದ್ದು, ಯಂತ್ರ ಹಿಡಿದು ಆ ದಿಕ್ಕಿಗೇ ಹೋಗಬೇಡಿ. ಹಳೆಯ ನಿಧಿ ಕಂಡರೆ ಕೇರಳದಲ್ಲಿ 1968ರ ನಿಧಿ ಕಾಯ್ದೆ ಉಂಟು, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. 2024ರಲ್ಲಿ ಕಣ್ಣೂರಿನ ಚೆಂಗಳಾಯಿಯಲ್ಲಿ ರಬ್ಬರ್ ತೋಟದಲ್ಲಿ ಇಂಗುಗುಂಡಿ ತೆಗೆಯುತ್ತಿದ್ದ ಉದ್ಯೋಗ ಖಾತರಿ ಹೆಂಗಸರಿಗೆ ಚಿನ್ನ, ಮುತ್ತು, ಬೆಳ್ಳಿ ನಾಣ್ಯ ಸಿಕ್ಕಿ, ಅವರು ಅಧಿಕಾರಿಗಳಿಗೆ ಒಪ್ಪಿಸಿದ್ದು ನೆನಪಿರಬಹುದು. ಅವರ ಮೇಲೆ ನನಗೆ ತುಂಬ ಗೌರವ.

ಚಿನ್ನ ಸಿಗದ ದಿನಗಳೂ ವ್ಯರ್ಥ ಅಲ್ಲ. ಹಳೆ ಗದ್ದೆಯ ಬದುವಿನಲ್ಲಿ ಕಾಲಾಣೆ, ಎತ್ತಿನ ಲಾಳ, ಕೊರಳ ಗಂಟೆಯ ನಾಲಗೆ ಸಿಗುತ್ತವೆ. ಅದನ್ನು ಮನೆಯ ಅಜ್ಜನ ಕೈಗೆ ಕೊಟ್ಟು ನೋಡಿ, ದಾರಿ ಎಲ್ಲಿತ್ತು, ಹಟ್ಟಿ ಎಲ್ಲಿತ್ತು ಎಲ್ಲ ಹೇಳುತ್ತಾರೆ. ನನ್ನ ಜಾಗದ ಹಳೆ ಕಟ್ಟಪುಣಿ (ಗದ್ದೆಯ ನಡುವಿನ ಅಗಲ ಬದು) ಯಾವ ಕಡೆ ಹೋಗುತ್ತಿತ್ತು ಎಂದು ನನಗೆ ಗೊತ್ತಾದದ್ದು ಹೀಗೆ.

ಭಾವನಿಗೆ ಹೇಳಿ: ಗ್ರೌಂಡ್ ಬ್ಯಾಲೆನ್ಸ್ ಇರುವ ಮಲ್ಟಿ ಫ್ರೀಕ್ವೆನ್ಸಿ ಯಂತ್ರ, ಜೊತೆಗೆ ಸಣ್ಣ ಕಾಯಿಲ್ ಒಂದು, ಪಿನ್‌ಪಾಯಿಂಟರ್ (ಗುಂಡಿಯೊಳಗೆ ಸರಿಯಾದ ಜಾಗ ತೋರಿಸುವ ಸಣ್ಣ ಕೈಯಂತ್ರ) ಒಂದು. ಕೊಳ್ಳುವ ಮೊದಲು ಬೇಕಾದರೆ ನನ್ನದನ್ನು ಹಿಡಿದು ನೋಡಿ, ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ.