ಸತ್ತು ಬದುಕಿದವರು ಕಂಡದ್ದು ಬರೀ ಆಮ್ಲಜನಕದ ಕೊರತೆಯೇ?

ಹೃದಯ ನಿಂತು ಮರಳಿ ಬಂದ ನಿಮ್ಮ ಅಮ್ಮ ಬೆಳಕು ಕಂಡೆ, ತೀರಿಹೋದ ಅಜ್ಜಿಯನ್ನು ಕಂಡೆ ಎನ್ನುತ್ತಾರೆ. ಮೆದುಳಿಗೆ ಆಮ್ಲಜನಕ ಸಿಗದೆ ಆದ ಭ್ರಮೆಯಷ್ಟೇ ಅಲ್ಲವೇ ಎಂದು ಕೇಳಿದ್ದೀರಿ. ಆಮ್ಲಜನಕದ ಕೊರತೆಗೂ ಪಾಲು ಇರಬಹುದು, ಆದರೆ ಅದೊಂದೇ ಸಾಲದು.

ನೆದರ್ಲೆಂಡ್ಸ್‌ನ 10 ಆಸ್ಪತ್ರೆಗಳಲ್ಲಿ ಹೃದಯಸ್ತಂಭನದಿಂದ ಬದುಕುಳಿದ 344 ಮಂದಿಯನ್ನು ಹೃದ್ರೋಗ ತಜ್ಞ ಪಿಮ್ ವಾನ್ ಲೊಮೆಲ್ ಮತ್ತು ಸಂಗಡಿಗರು ವಿಚಾರಿಸಿದ್ದರು. 2001ರಲ್ಲಿ ವರದಿ ಬಂತು. ಇಂಥ ಅನುಭವ ಹೇಳಿದವರು 62 ಮಂದಿ, ಶೇ 18. ಹೃದಯ ನಿಂತದ್ದು ಮಾತ್ರ ಎಲ್ಲರಿಗೂ. ಕೆಲವರು ಕಂಡೂ ಮರೆತಿರಬಹುದು, ಒಪ್ಪೋಣ. ಆದರೆ ಆಮ್ಲಜನಕ ಇಳಿದವರು ಸಾಮಾನ್ಯವಾಗಿ ತಡವರಿಸುತ್ತಾರೆ, ಏನೇನೋ ಮಾತಾಡುತ್ತಾರೆ, ಆಮೇಲೆ ನೆನಪಿರುವುದಿಲ್ಲ. ಈ ಅನುಭವ ಹಾಗಲ್ಲ, ವರ್ಷ ಕಳೆದರೂ ಮಾಸುವುದಿಲ್ಲ.

ಬಿಡಿಬಿಡಿಯಾಗಿ ನೋಡಿದರೆ ಕೆಲವಕ್ಕೆ ಒಳ್ಳೆಯ ವಿವರಣೆ ಇದೆ. ಸುರಂಗದಾಚೆ ಬೆಳಕು ಕಾಣುವುದನ್ನೇ ತೆಗೆದುಕೊಳ್ಳಿ: ರಕ್ತದ ಹರಿವು ತಗ್ಗಿದಾಗ ನೋಟದ ಅಂಚು ಮೊದಲು ಕಪ್ಪಾಗುತ್ತದೆ, ನಡು ಉಳಿಯುತ್ತದೆ. ವೇಗದ ತಿರುವಿಗೆ ಸಿಕ್ಕ ಯುದ್ಧವಿಮಾನದ ಪೈಲಟ್‌ಗಳಿಗೂ ಹೀಗಾಗುತ್ತದೆ. ನಮ್ಮ ಕಾಸರಗೋಡಿನವರು ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆಯುವ ಸುರಂಗದ ಒಳಗಿನಿಂದ ತಿರುಗಿ ನೋಡಿದಂತೆ, ಸುತ್ತ ಕತ್ತಲು, ಬಾಯಲ್ಲಿ ಮಾತ್ರ ಬೆಳಕು. ಇನ್ನು ಮೇಲಿನಿಂದ ತನ್ನ ದೇಹವನ್ನೇ ನೋಡುವುದು: 2002ರಲ್ಲಿ ನರವಿಜ್ಞಾನಿ ಓಲಾಫ್ ಬ್ಲಾಂಕೆ ಅವರ ತಂಡ ಅಪಸ್ಮಾರವಿದ್ದ ಒಬ್ಬ ಮಹಿಳೆಯ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ ಆಕೆಗೆ ಇದೇ ಅನುಭವ ಆಯಿತು.

ಕಾಣುವ ದೃಶ್ಯಕ್ಕೆ ವೇಷ ತೊಡಿಸುವುದು ನಾವು ಬೆಳೆದ ಪರಿಸರ ಎನ್ನುವವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರೀಚಾ, ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಜೊತೆಗೂಡಿ 1986ರಲ್ಲಿ ಉತ್ತರ ಭಾರತದ 16 ಪ್ರಕರಣಗಳನ್ನು ಪ್ರಕಟಿಸಿದರು. ಯಮದೂತರು ಒಯ್ದರು, ಅಲ್ಲಿ ಪುಸ್ತಕ ನೋಡಿ ‘ಇವನಲ್ಲ’ ಎಂದು ವಾಪಸು ಕಳಿಸಿದರು ಎಂಬಂಥ ಕಥನ ಅಲ್ಲಿ ಸಾಮಾನ್ಯ. ಈ ವಾದ ನನಗೆ ಬಹಳ ಹಿಡಿಸಿತ್ತು. ಆದರೆ ಕಾಸರಗೋಡಿನ ಪೆರ್ಲದ ಕಡೆಯ ನನ್ನ ಸೋದರಮಾವ ಅದಕ್ಕೆ ಪೂರ್ತಿ ಒಗ್ಗುವುದಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಅವರ ಹೃದಯ ನಿಂತು, ಎದೆ ಒತ್ತಿ ಬದುಕಿಸಿದರು. ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಬೆಳೆದವರು, ರಂಗದ ಮೇಲೆ ಎಷ್ಟೋ ಯಮನನ್ನು ಕಂಡವರು, ಹರೆಯದಲ್ಲಿ ಸುರಂಗ ಕೊರೆದವರು. ಯಮನೂ ಕಾಣಲಿಲ್ಲ, ಸುರಂಗವೂ ಕಾಣಲಿಲ್ಲ. ತೋಟದ ಕೆಳಗಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡ ಕಟ್ಟ ಕಟ್ಟಿತ್ತಂತೆ, ನೀರು ತುಂಬಿ ನಿಂತಿತ್ತಂತೆ, ಆಚೆ ದಡದಲ್ಲಿ ತೀರಿಹೋದ ಅಕ್ಕ. “ನೀನು ಈಗ ದಾಟುವುದು ಬೇಡ” ಎಂದಳಂತೆ. ವೇಷ ಊರಿನದೇ, ನಿಜ. ಆದರೆ ದಾಟಬಾರದ ಗಡಿ, ಹಿಂದಕ್ಕೆ ಕಳಿಸುವ ಸತ್ತ ಆಪ್ತರು, ಇವು ನಮ್ಮ ತೋಡನ್ನು ಕಾಣದ ದೂರದೇಶದವರ ಮಾತಿನಲ್ಲೂ ಬರುತ್ತವೆ. ಈ ಹೋಲಿಕೆ ಮನುಷ್ಯರ ಮೆದುಳು ಒಂದೇ ಬಗೆಯದ್ದಾದ್ದರಿಂದ ಎಂದು ನಾನು ನಂಬುತ್ತೇನೆ. ಮಾವ ಹಾಗೆ ನಂಬುವುದಿಲ್ಲ.

ನಿಜವಾಗಿ ಬಗೆಹರಿಯದ್ದು ಇದು ನಡೆಯುವ ಹೊತ್ತು. ಹೃದಯ ನಿಂತು ಅರ್ಧ ನಿಮಿಷದೊಳಗೆ ಮೆದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಗೆರೆ ಸಾಮಾನ್ಯವಾಗಿ ಸಪಾಟಾಗುತ್ತದೆ. ಅನುಭವ ಆದದ್ದು ಅದಕ್ಕೆ ಮೊದಲೋ, ಆಗಲೋ, ಎಚ್ಚರ ಮರಳುವಾಗಲೋ? ಇದನ್ನು ಪರೀಕ್ಷಿಸಲು ವೈದ್ಯ ಸ್ಯಾಮ್ ಪಾರ್ನಿಯಾ ಅವರ ತಂಡ ಆಸ್ಪತ್ರೆ ಕೋಣೆಗಳಲ್ಲಿ ಮೇಲಿನಿಂದ ಮಾತ್ರ ಕಾಣುವಂತೆ ಹಲಗೆಗಳ ಮೇಲೆ ಚಿತ್ರ ಇಟ್ಟಿತ್ತು. 2014ರ ಆ ವರದಿಯಲ್ಲಿ 2060 ಹೃದಯಸ್ತಂಭನಗಳಿವೆ, ಹೆಚ್ಚಿನವು ಹಲಗೆ ಇಲ್ಲದ ಕಡೆ ನಡೆದವು, ಚಿತ್ರ ಕಂಡವರು ಯಾರೂ ಇಲ್ಲ. 2023ರಲ್ಲಿ ನರವಿಜ್ಞಾನಿ ಜಿಮೋ ಬೋರ್ಜಿಗಿನ್ ತಂಡ ಉಸಿರಾಟದ ಯಂತ್ರ ತೆಗೆದ 4 ರೋಗಿಗಳಲ್ಲಿ ಇಬ್ಬರ ಮೆದುಳಿನಲ್ಲಿ ಕೊನೆಗಳಿಗೆಯಲ್ಲಿ ಚಟುವಟಿಕೆ ಉಕ್ಕಿದ್ದನ್ನು ದಾಖಲಿಸಿತು. ಏನು ಕಂಡಿರೆಂದು ಕೇಳಲು ಅವರು ಉಳಿಯಲಿಲ್ಲ.

ಆದ್ದರಿಂದ ದಯವಿಟ್ಟು ಅಮ್ಮನಿಗೆ ‘ಅದೆಲ್ಲ ಭ್ರಮೆ’ ಎಂದು ಹೇಳಬೇಡಿ. ಅವರ ಪಾಲಿಗೆ ಅದು ನಡೆದ ಸಂಗತಿ. ಹೀಗೆ ಕಂಡವರಲ್ಲಿ ಅನೇಕರಿಗೆ ಸಾವಿನ ಭಯ ತಗ್ಗಿದ್ದು ವಾನ್ ಲೊಮೆಲ್ ಅವರು 8 ವರ್ಷದ ನಂತರ ವಿಚಾರಿಸಿದಾಗಲೂ ಕಂಡುಬಂದಿತ್ತು. ಎಲ್ಲರಿಗೂ ಹಿತವಾದದ್ದೇ ಕಾಣುವುದಿಲ್ಲ, ಅಮ್ಮ ಹೆದರಿ ನಿದ್ದೆಗೆಟ್ಟಿದ್ದರೆ ಡಾಕ್ಟರಿಗೆ ತಿಳಿಸಿ. ನೆಂಟರು ಬಂದು ತಮ್ಮ ಕಥೆ ಸೇರಿಸುವ ಮೊದಲು ಅವರ ಮಾತಿನಲ್ಲೇ ಬರೆದಿಡಿ. ‘ಬೆಳಕು ಹೇಗಿತ್ತು, ದೇವರು ಕಂಡರಾ’ ಎಂದು ಬಾಯಿಗೆ ಮಾತು ಕೊಡಬೇಡಿ. ‘ಆಮೇಲೆ ಏನಾಯ್ತಮ್ಮ?’ ಎಂದಷ್ಟೇ ಕೇಳಿ.