ವಿದೇಶದ ಸಮುದಾಯ ಹಳ್ಳಿಯಲ್ಲಿ ಗಂಡ-ಹೆಂಡತಿ ಕೆಲವು ತಿಂಗಳು ಇದ್ದು ತೋಟದ ಕೆಲಸ ಕಲಿಯಬಹುದೇ? ಕಾಡುಪ್ರಾಣಿಗಳ ಕಾಟ ಹೇಗಿರುತ್ತದೆ?

ನೀವಿಬ್ಬರೂ 30ರ ಒಳಗಿನವರು, ಮೈಸೂರಿನಲ್ಲಿ ಕೆಲಸ ಮಾಡುತ್ತಿದ್ದೀರಿ, ಒಂದಷ್ಟು ತಿಂಗಳು ರಜೆ ಹಾಕಿ ಹೊರದೇಶದಲ್ಲಿ ಹತ್ತಾರು ಮನೆಯವರು ಸೇರಿ ಬದುಕುವ ಹಳ್ಳಿಯಲ್ಲಿ ಇರಬೇಕು ಅಂತ ಬರೆದಿದ್ದೀರಿ. ತೋಟದ ಕೆಲಸ ಕಲಿಯುವ ಆಸೆ, ಹಾವು-ಗೀವು ಅಂದರೆ ಭಯ. ಅಲ್ಲಿಯವರು ಪ್ರಾಣಿಗಳ ಜೊತೆ ಹೊಂದಿಕೊಂಡು ಹೇಗೆ ಬೆಳೆ ತೆಗೆಯುತ್ತಾರೆ ಎಂದೂ ಕೇಳಿದ್ದೀರಿ.

ನಾನು ಮತ್ತು ನಮ್ಮನೆಯವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕ್ರಿಸ್ಟಲ್ ವಾಟರ್ಸ್ ಎಂಬ ಹಳ್ಳಿಯಲ್ಲಿ ಇದ್ದು ಬಂದವರು. ಮಗಳು ಬ್ರಿಸ್ಬೇನಿನಲ್ಲಿದ್ದಾಳೆ. ಅವಳ ಮನೆಯಿಂದ ಕಾರಿನಲ್ಲಿ ಎರಡು ಗಂಟೆಗೆ ಹತ್ತಿರದ ದಾರಿ. ನಮ್ಮದು ಸಾಗರದ ಕಡೆ ಅಡಿಕೆ ತೋಟ. ಹಾಗಾಗಿ ತೋಟದ ಕಣ್ಣಿಂದಲೇ ಎಲ್ಲವನ್ನೂ ನೋಡಿದೆವು. ನನ್ನ ಉತ್ತರ ಇಷ್ಟೇ: ಹೋಗಿ. ಆದರೆ ಊರು ಆರಿಸುವಾಗ ಅಲ್ಲಿನ ಚಂದದ ಫೋಟೋಗಳಿಗಿಂತ ಮೊದಲು ಅಲ್ಲಿನ ನಿಯಮ ಓದಿ. ಅಲ್ಲಿ ಪ್ರಾಣಿಗಳು ನೆಮ್ಮದಿಯಾಗಿ ಇರುವುದು, ಜನರಿಗೂ ಬೆಳೆ ಸಿಗುವುದು, ಎರಡೂ ಊರಿನವರೆಲ್ಲ ಒಟ್ಟಿಗೆ ಕುಳಿತು ಮಾಡಿಕೊಂಡ ನಿಯಮಗಳಿಂದ.

ಈ ಊರು 1987ರಲ್ಲಿ ಶುರುವಾಯಿತು. 1970ರ ದಶಕದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಟಾಸ್ಮೇನಿಯಾದಲ್ಲಿ ರೂಪಿಸಿದ ಪರ್ಮಾಕಲ್ಚರ್ ಪದ್ಧತಿಯಂತೆ, ಅಂದರೆ ಪ್ರಕೃತಿಯ ರೀತಿ ನೋಡಿಕೊಂಡು ನೆಲ, ನೀರು, ಮನೆ, ತೋಟ ಜೋಡಿಸುವ ಕ್ರಮದಂತೆ, ಇಡೀ ಹಳ್ಳಿಯನ್ನೇ ಯೋಜಿಸಿ ಕಟ್ಟಿದ್ದಾರೆ. ಮೊದಲು ಅದು ಮರ ಕಡಿದು ದನ ಮೇಯಿಸಿ ಬೋಳಾಗಿದ್ದ ನೆಲ. ಒಟ್ಟು 640 ಎಕರೆ, ಅದರಲ್ಲಿ ಮನೆಗೆಂದು 83 ನಿವೇಶನ, ಒಂದೊಂದೂ ಸುಮಾರು ಒಂದು ಎಕರೆ. ಉಳಿದ ನೆಲದಲ್ಲಿ ಹೆಚ್ಚಿನದು ಎಲ್ಲರಿಗೂ ಸೇರಿದ್ದು: ಕಾಡು, ಹುಲ್ಲುಗಾವಲು, ಕೆರೆ, ಹೊಳೆಯಂಚು.

ಒಂದು ವಿಷಯ ಮೊದಲೇ ತಿಳಿದಿರಲಿ. ಅಲ್ಲಿ ಯಾರೂ ಒಂದೇ ಅಡುಗೆಮನೆಯಲ್ಲಿ ಉಣ್ಣುವುದಿಲ್ಲ, ದುಡಿದ ಹಣವನ್ನು ಒಂದೇ ಡಬ್ಬಿಗೆ ಹಾಕುವುದಿಲ್ಲ. ಅವರವರ ಮನೆ, ಅವರವರ ಸಂಪಾದನೆ. ಹಂಚಿಕೊಳ್ಳುವುದು ನೆಲವನ್ನು, ಕೆಲಸವನ್ನು, ನಿರ್ಧಾರವನ್ನು. ತಿಂಗಳಿಗೊಮ್ಮೆ ಶನಿವಾರ ಸಂತೆ ಸೇರುತ್ತದೆ. ರಸ್ತೆ, ಬೇಲಿ, ಕಳೆ ಅಂತ ಏನಾದರೂ ಇದ್ದರೆ ಒಂದು ದಿನ ಎಲ್ಲರೂ ಹಾರೆ-ಗುದ್ದಲಿ ಹಿಡಿದು ಬರುತ್ತಾರೆ. ನಮ್ಮ ಮಲೆನಾಡಿನಲ್ಲಿ ಮುಯ್ಯಾಳು ಅಂತ ಇತ್ತಲ್ವಾ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಅಂತ. ನಮ್ಮವರಿಗೆ ಆ ದಿನಗಳಲ್ಲಿ ತುಂಬಾ ಖುಷಿ. ಇಂಗ್ಲಿಷ್ ಅಷ್ಟಕ್ಕಷ್ಟೇ ಆದರೂ ಅಗಳ ತೆಗೆಯುವುದರಲ್ಲಿ ಅವರನ್ನು ಮೀರಿಸುವವರು ಅಲ್ಲಿರಲಿಲ್ಲ. ಸಭೆಗಳು ಮಾತ್ರ ಉದ್ದ. ಒಂದು ಮರ ಕಡಿಯಲೂ ಮಾತಾಗಬೇಕು. ತಾಳ್ಮೆ ಇಲ್ಲದವರಿಗೆ ಅದು ಕಷ್ಟವೇ.

ಇನ್ನು ಪ್ರಾಣಿಗಳ ವಿಷಯ. ಆ ಊರಿನಲ್ಲಿ ನಾಯಿ, ಬೆಕ್ಕು ಸಾಕುವಂತಿಲ್ಲ. ನಿವಾಸಿಗಳಿಗೂ ಇಲ್ಲ, ಬಂದುಹೋಗುವವರಿಗೂ ಇಲ್ಲ. ಕೇಳಿದಾಗ ನನಗೆ ಕಟುವೆನಿಸಿತು, ಮನೆ ಅಂದರೆ ನಾಯಿ ಇರಬೇಕು ಎಂದು ಬೆಳೆದವಳು ನಾನು. ಆದರೆ ಬೆಳಗಿನ ಜಾವ ಎದ್ದು ಹೊರಗೆ ನೋಡಿದರೆ ಕಾರಣ ಅಂಗಳದಲ್ಲೇ ನಿಂತಿರುತ್ತದೆ. ಕಾಂಗರೂಗಳು, ಅವುಗಳಿಗಿಂತ ಚಿಕ್ಕ ವಾಲಬಿಗಳು ಮನೆಯ ಮುಂದೆಯೇ ಹುಲ್ಲು ಮೇಯುತ್ತವೆ. ಹೊಟ್ಟೆಚೀಲದಿಂದ ಮರಿ ತಲೆ ಹಾಕಿ ತಾನೂ ಒಂದು ಎಸಳು ಕಚ್ಚುತ್ತದೆ. ನಾವು ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತರೂ ಅವು ಓಡುವುದಿಲ್ಲ. ಆಸ್ಟ್ರೇಲಿಯಾದ ನೆಲದ ಪ್ರಾಣಿಗಳಲ್ಲಿ ಬಹಳಷ್ಟು ಚಿಕ್ಕವು, ನೆಲದ ಮೇಲೆಯೇ ಇರುವಂಥವು. ಬೆಕ್ಕು, ನರಿ ಇವೆಲ್ಲ ಯುರೋಪಿನವರ ಜೊತೆ ಬಂದ ಮೇಲೆ ಆ ಪ್ರಾಣಿಗಳಿಗೆ ದೊಡ್ಡ ಪೆಟ್ಟು ಬಿತ್ತು. ಒಂದು ಊರಿನವರು ಬೆಕ್ಕು ಬೇಡ ಎಂದು ಒಪ್ಪಿದ್ದಕ್ಕೇ ಎಷ್ಟು ಜೀವ ಉಳಿದಿದೆ ಎಂದು ಅಲ್ಲಿ ಕಣ್ಣಾರೆ ಕಾಣುತ್ತದೆ.

ಅವಕ್ಕೆ ತಿನ್ನಲು ಮಾತ್ರ ಏನೂ ಕೊಡಬೇಡಿ. ನಮ್ಮವರಿಗೆ ಕೈಯಲ್ಲಿದ್ದ ಬ್ರೆಡ್ಡು ಹಾಕುವ ಮನಸ್ಸಾಗಿತ್ತು. ಪಕ್ಕದ ಮನೆಯ ಅಜ್ಜಿ ತಕ್ಷಣ ತಡೆದರು. ಮೆತ್ತನೆಯ ತಿನಿಸು ತಿಂದರೆ ಕಾಂಗರೂಗಳಿಗೆ ದವಡೆಗೆ ಸೋಂಕಾಗಿ ಬಾವು ಬರುತ್ತದಂತೆ, ಅದರಿಂದಲೇ ಸಾಯುವುದೂ ಉಂಟು.

ತೋಟಕ್ಕೆ ನಿಜವಾಗಿ ಕಾಟ ಕೊಡುವುದು ಕಾಂಗರೂ ಅಲ್ಲ. ಅವು ಹುಲ್ಲು ತಿನ್ನುವ ಪ್ರಾಣಿ, ಒಂದು ಗಟ್ಟಿ ಬೇಲಿ ಹಾಕಿದರೆ ಆಯಿತು. ಕಾಟ ಅಂದರೆ ಬ್ರಷ್ ಟರ್ಕಿ ಎಂಬ ಹಕ್ಕಿಯದು. ಕಪ್ಪು ಮೈ, ಕೆಂಪು ತಲೆ, ಗಂಡಿಗೆ ಕುತ್ತಿಗೆಯಲ್ಲಿ ಹಳದಿ ಜೋಲು. ಕಾಲಿನಿಂದ ದರಕು ಕೆದರಿ ಕೆದರಿ ಒಂದೇ ಕಡೆ ಗುಡ್ಡೆ ಹಾಕುತ್ತದೆ. ನಾಲ್ಕು ಮೀಟರ್ ಅಗಲದ ಗುಡ್ಡೆಗಳೂ ಇರುತ್ತವೆ. ಹೆಣ್ಣುಗಳು ಅದರೊಳಗೆ ಮೊಟ್ಟೆ ಇಟ್ಟು ಹೋಗುತ್ತವೆ, ಕಾವು ಕೊಡುವುದು ಕೊಳೆಯುವ ಎಲೆಯ ಬಿಸಿ. ಗಂಡು ಕೊಕ್ಕನ್ನು ಗುಡ್ಡೆಯೊಳಗೆ ಹಾಕಿ ಬಿಸಿ ಎಷ್ಟಿದೆ ಎಂದು ನೋಡುತ್ತದೆ, ಜಾಸ್ತಿಯಾದರೆ ಎಲೆ ತೆಗೆಯುತ್ತದೆ, ಕಡಿಮೆಯಾದರೆ ಹಾಕುತ್ತದೆ. ಸುಮಾರು 33ರಿಂದ 35 ಡಿಗ್ರಿಯಲ್ಲೇ ಹಿಡಿದಿಡುತ್ತದೆ! ಒಡೆದು ಬಂದ ಮರಿ ತಾನೇ ಗುಡ್ಡೆ ಕೊರೆದು ಹೊರಬಂದು ತಾನೇ ಬದುಕಿಕೊಳ್ಳಬೇಕು, ಅಪ್ಪ-ಅಮ್ಮ ತಿರುಗಿ ನೋಡುವುದಿಲ್ಲ. ಗೊಬ್ಬರದ ಗುಂಡಿಯ ಬಿಸಿ ಅಂದಾಜು ಮಾಡಿ ಜೀವನ ಕಳೆದ ನಮಗಿಬ್ಬರಿಗೂ ಆ ಹಕ್ಕಿಯ ಮೇಲೆ ತುಂಬಾ ಗೌರವ ಬಂತು.

ಗೌರವ ಬಂದರೂ ಗಿಡ ಉಳಿಸಬೇಕಲ್ಲ. ಪರ್ಮಾಕಲ್ಚರಿನಲ್ಲಿ ನೆಲವನ್ನು ಬರಿದಾಗಿ ಬಿಡುವುದಿಲ್ಲ, ಸೊಪ್ಪು-ಹುಲ್ಲಿನ ಮುಚ್ಚಿಗೆ ಹಾಕುತ್ತಾರೆ. ಟರ್ಕಿಗೆ ಬೇಕಾಗಿರುವುದೂ ಅದೇ. ಒಂದು ಬೆಳಿಗ್ಗೆಗೆ ಇಡೀ ಮಡಿ ಬಯಲಾಗುತ್ತದೆ. ಅದನ್ನು ಕಾನೂನು ರಕ್ಷಿಸುತ್ತದೆ, ಹೊಡೆಯುವಂತಿಲ್ಲ. ಹಾಗಾಗಿ ಅಲ್ಲಿಯವರು ಮುಚ್ಚಿಗೆಯ ಮೇಲೆ ತಂತಿಬಲೆ ಹಾಸಿ ಅಂಚಿಗೆ ಹೊಳೆಗಲ್ಲು ಇಡುತ್ತಾರೆ. ಗಿಡದ ಬುಡಕ್ಕೆ ದಪ್ಪ ಕಲ್ಲು ಸುತ್ತುತ್ತಾರೆ. ತೋಟದಿಂದ ದೂರದಲ್ಲಿ, ದಟ್ಟ ನೆರಳಿನ ಮರದ ಕೆಳಗೆ ಒಂದಷ್ಟು ಎಲೆ ರಾಶಿ ಅದಕ್ಕೇ ಅಂತ ಬಿಡುತ್ತಾರೆ. ಗುಡ್ಡೆಗೆ ಜಾಗ ಸಿಕ್ಕಿದ ಮೇಲೆ ಹಕ್ಕಿ ತರಕಾರಿ ಮಡಿಯ ಕಡೆ ಬರುವುದು ಕಡಿಮೆಯಾಗುತ್ತದೆ. ನಮ್ಮೂರಲ್ಲಿ ಮಂಗನ ಕಾಟಕ್ಕೆ ಬೇಸತ್ತು ತರಕಾರಿ ಹಾಕುವುದನ್ನೇ ಬಿಟ್ಟ ಮನೆಗಳು ಎಷ್ಟಿವೆ. ಒಬ್ಬೊಬ್ಬರೇ ಓಡಿಸುತ್ತೇವೆ, ಅದು ಪಕ್ಕದವರ ತೋಟಕ್ಕೆ ಹೋಗುತ್ತದೆ, ಅವರು ಓಡಿಸಿದರೆ ನಮ್ಮಲ್ಲಿಗೆ. ಎಲ್ಲರೂ ಸೇರಿ ಒಂದು ಯೋಚನೆ ಮಾಡಿದರೆ ಎಷ್ಟು ಬದಲಾಗುತ್ತದೆ ಎನ್ನುವುದನ್ನು ನಾನು ಅಲ್ಲಿ ನೋಡಿದೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಹಣ್ಣಿನ ಮರಕ್ಕೆ ಬಲೆ ಹಾಕುವುದರಲ್ಲೂ ಒಂದು ಕ್ರಮ ಇದೆ. ಬೆರಳು ತೂರದಷ್ಟು ಸಣ್ಣ ಕಣ್ಣಿನ ಬಲೆಯನ್ನು ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಬೇಕು. ಸಡಿಲವಾಗಿ ಹೊದಿಸಿದರೆ ದೊಡ್ಡ ಹಣ್ಣುಬಾವಲಿಗಳು ರೆಕ್ಕೆ ಸಿಕ್ಕಿ ನರಳಿ ಸಾಯುತ್ತವೆ. ಅಲ್ಲಿನ ನೀಲಗಿರಿ ಜಾತಿಯ ಮರಗಳಿಗೆ ಪರಾಗ ಮುಟ್ಟಿಸುವುದರಲ್ಲಿ ಈ ಬಾವಲಿಗಳ ಪಾಲು ದೊಡ್ಡದು. ಸಿಕ್ಕಿಬಿದ್ದದ್ದು ಕಂಡರೆ ಕೈ ಹಾಕಬೇಡಿ. ಅವುಗಳಲ್ಲಿ ರೇಬೀಸಿಗೆ ಹತ್ತಿರದ ಒಂದು ವೈರಸ್ ಇರಬಹುದು. ಲಸಿಕೆ ಹಾಕಿಸಿಕೊಂಡ ರಕ್ಷಕರಿಗೆ ಫೋನ್ ಮಾಡುತ್ತಾರೆ, ಅವರು ಬಂದು ಬಿಡಿಸುತ್ತಾರೆ.

ಹಾವಿನ ಭಯ ಕೇಳಿದ್ದೀರಿ. ಇವೆ, ವಿಷದವೂ ಇವೆ. ಆದರೆ ಮನೆ ಹತ್ತಿರ ಹೆಚ್ಚಾಗಿ ಕಾಣುವುದು ಕಾರ್ಪೆಟ್ ಪೈಥಾನ್, ವಿಷವಿಲ್ಲದ ಹೆಬ್ಬಾವು. ಮಾಡಿನ ಒಳಗೆ ಸೇರಿಕೊಂಡು ಇಲಿ ಹಿಡಿಯುತ್ತದೆ ಎಂದು ಜನ ಸುಮ್ನೆ ಬಿಡುತ್ತಾರೆ. ಕೋಳಿಗೂಡಿಗೆ ಮಾತ್ರ ಸಣ್ಣ ಕಣ್ಣಿನ ತಂತಿಬಲೆ ಬೇಕೇ ಬೇಕು. ಹುಲ್ಲಿನಲ್ಲಿ ಓಡಾಡುವಾಗ ಬೂಟು, ರಾತ್ರಿ ಟಾರ್ಚು. ಮಲೆನಾಡಿನವರಿಗೆ ಇದೇನೂ ಹೊಸದಲ್ಲ.

ಹಾವಿಗಿಂತ ಜಾಸ್ತಿ ಎಚ್ಚರ ಬೇಕಾಗಿರುವುದು ಉಣುಗಿನ ಬಗ್ಗೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ, ಹಾಗಾಗಿ ಉಣುಗು ಅಂದರೆ ನಮಗೆ ಮೈಯೆಲ್ಲ ಎಚ್ಚರ. ಅಲ್ಲಿಯ ಉಣುಗು ಬೇರೆ, ಅದರ ಜೊಲ್ಲಿನಲ್ಲಿ ನರಕ್ಕೆ ತಾಗುವ ವಿಷ ಇದೆ. ಕೆಲವರಿಗೆ ಅದು ಕಚ್ಚಿದ ಮೇಲೆ ಮಾಂಸವೇ ಅಲರ್ಜಿಯಾಗುತ್ತದೆ. ಅದನ್ನು ಕೈಯಿಂದ ಹಿಸುಕಿ ಕೀಳುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿಸುವ ಸ್ಪ್ರೇ ಹಾಕಿ ಕಚ್ಚಿದ ಜಾಗದಲ್ಲೇ ಕೊಲ್ಲುತ್ತಾರೆ. ಸಂಜೆ ಸ್ನಾನದ ಹೊತ್ತಿಗೆ ಮೈ ನೋಡಿಕೊಳ್ಳಿ.

ತೋಟದಲ್ಲಿ ನಮಗೆ ಅತಿ ಸಂತೋಷ ಕೊಟ್ಟಿದ್ದು ತೊಗರಿ. ಸಾಲು ಸಾಲು ತೊಗರಿ ಗಿಡ! ಅಲ್ಲಿ ಅದನ್ನು ಬೇಳೆಗಾಗಿ ಬೆಳೆಯುವುದು ಕಡಿಮೆ. ಬೇರು ನೆಲಕ್ಕೆ ಸಾರಜನಕ ಕೊಡುತ್ತದೆ, ಎಳೆಯ ಹಣ್ಣಿನ ಗಿಡಕ್ಕೆ ನೆರಳಾಗುತ್ತದೆ, ಆಮೇಲೆ ರೆಂಬೆ ಕಡಿದು ಬುಡಕ್ಕೇ ಹಾಕುತ್ತಾರೆ. ನಾನು ಹಸಿ ಕಾಯಿ ಬಿಡಿಸಿ ಹುಳಿ ಮಾಡಿ ಬಡಿಸಿದೆ. ಅದಾದ ಮೇಲೆ ಕಾಯಿ ಕೊಯ್ಯುವ ಮೊದಲು ನಮ್ಮನ್ನು ಕರೆಯುತ್ತಿದ್ದರು. ಅರಿಶಿನ, ಶುಂಠಿ, ಕೆಸು, ಸೀಮೆಬದನೆ, ನುಗ್ಗೆ ಎಲ್ಲವೂ ಬರುವ ಹವೆ ಅದು. ಮಳೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಜಾಸ್ತಿ, ಜೂನ್-ಜುಲೈ ಚಳಿಗಾಲ. ಹಾಗಂತ ಊರಿಂದ ಬೀಜ, ಕರಿಬೇವು ಒಯ್ಯಬೇಡಿ. ವಿಮಾನ ನಿಲ್ದಾಣದಲ್ಲಿ ತಪಾಸಣೆ ಬಹಳ ಕಟ್ಟುನಿಟ್ಟು, ಹೇಳದೆ ಒಯ್ದರೆ ದೊಡ್ಡ ದಂಡ. ಅವರ ಭಯಕ್ಕೆ ಕಾರಣವೂ ಇದೆ. ಕಬ್ಬಿನ ಹುಳ ತಿನ್ನಲಿ ಎಂದು 1935ರಲ್ಲಿ ಹವಾಯಿಯಿಂದ ಕ್ವೀನ್ಸ್‌ಲ್ಯಾಂಡಿಗೆ ತಂದ ವಿಷದ ಕಪ್ಪೆಗಳು ಇವತ್ತಿಗೂ ಹರಡುತ್ತಲೇ ಇವೆ, ಅವನ್ನು ತಿಂದ ಅಲ್ಲಿನ ಪ್ರಾಣಿಗಳು ಸಾಯುತ್ತಿವೆ.

ಬುನ್ಯಾ ಮರದ ಬಗ್ಗೆಯೂ ಹೇಳಲೇಬೇಕು. ಅದರ ಕಾಯಿ ಒಂದೊಂದು ಹತ್ತು ಕೆಜಿವರೆಗೂ ತೂಗುತ್ತದೆ, ಬೇಸಿಗೆಯಲ್ಲಿ ದೊಪ್ಪನೆ ಬೀಳುತ್ತದೆ, ಆ ದಿನಗಳಲ್ಲಿ ಮರದ ಕೆಳಗೆ ನಿಲ್ಲುವಂತಿಲ್ಲ. ಒಳಗಿನ ಬೀಜ ಬೇಯಿಸಿ ಉಪ್ಪು ಹಾಕಿ ತಿಂದರೆ ಥೇಟ್ ಬೇಯಿಸಿದ ಹಲಸಿನ ಬೀಜ. ಸುಮಾರು ಮೂರು ವರ್ಷಕ್ಕೊಮ್ಮೆ ಫಸಲು ಭರ್ತಿ. ಆಗ ಆ ನೆಲದ ಮೂಲ ಜನ ದೂರದೂರದ ಬುಡಕಟ್ಟುಗಳನ್ನು ಕರೆದು ಹಬ್ಬ ಮಾಡುತ್ತಿದ್ದರು, ಜಗಳ ತೀರಿಸಿ ಮದುವೆ ಗೊತ್ತು ಮಾಡುತ್ತಿದ್ದರು. ಹಳ್ಳಿಗೆ ಹತ್ತಿರದ ಮಲೇನಿ ಪಟ್ಟಣದ ಬಳಿಯ ಬರೂನ್ ಪಾಕೆಟ್ ಅಂಥ ಒಂದು ಜಾಗ. 1842ರಲ್ಲಿ ಅಲ್ಲಿನ ಬ್ರಿಟಿಷ್ ಗವರ್ನರ್ ಗಿಪ್ಸ್ ಬುನ್ಯಾ ಮರಗಳಿರುವ ನೆಲಕ್ಕೆ ವಲಸಿಗರು ಹೋಗಬಾರದು ಎಂದು ಆದೇಶ ಮಾಡಿದ್ದರು. 1860ರಲ್ಲಿ ಅದು ರದ್ದಾಯಿತು, ಮರಗಳೂ ಹೋದವು, ಜನರನ್ನೂ ಒಕ್ಕಲೆಬ್ಬಿಸಿದರು. ಸಮುದಾಯ ಜೀವನದ ಬಗ್ಗೆ ಕಲಿಯಲು ಹೋಗುವವರು ಈ ಕಥೆಯನ್ನೂ ಕೇಳಿಕೊಂಡು ಬರಬೇಕು ಎಂದು ನನ್ನ ಅನಿಸಿಕೆ.

ಹಳ್ಳಿಯ ಪಕ್ಕ ಹರಿಯುವುದು ಮೇರಿ ನದಿ. ಗಾಳಿಯನ್ನೂ ಉಸಿರಾಡಬಲ್ಲ ಶ್ವಾಸಕೋಶದ ಮೀನು, ಬೇರೆಲ್ಲೂ ಇಲ್ಲದ ಒಂದು ಜಾತಿಯ ಆಮೆ ಈ ನದಿಯಲ್ಲಿವೆ. ಕೆಳಗೆ ಟ್ರಾವೆಸ್ಟನ್ ಎಂಬಲ್ಲಿ ಅಣೆಕಟ್ಟು ಕಟ್ಟುವುದಾಗಿ 2006ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಘೋಷಿಸಿತು. ಕಣಿವೆಯ ಜನ ಬಿಡದೆ ಹೋರಾಡಿದರು. 2009ರಲ್ಲಿ ಕೇಂದ್ರದ ಪರಿಸರ ಸಚಿವ ಪೀಟರ್ ಗ್ಯಾರೆಟ್ ಅನುಮತಿ ನಿರಾಕರಿಸಿದರು. ಲಿಂಗನಮಕ್ಕಿ ಹಿನ್ನೀರಿನಲ್ಲಿ ನಮ್ಮವರ ಅಜ್ಜನ ಮನೆ, ಗದ್ದೆ ಮುಳುಗಿವೆ. ಆ ಹೊಳೆದಂಡೆಯಲ್ಲಿ ನಿಂತಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಈಗ ನಿಮ್ಮ ವೀಸಾ. ನಾವು ಮಗಳ ಮನೆಗೆ ಬಂದ ಪ್ರವಾಸಿಗಳು, ದುಡ್ಡು ಕೊಟ್ಟು ಉಳಿದವರು. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡಬಾರದು ಎಂಬ 8101 ಷರತ್ತು ಸಾಮಾನ್ಯವಾಗಿ ಇರುತ್ತದೆ. ಊಟ-ವಸತಿಗೆ ಬದಲಾಗಿ ದಿನಾ ಇಷ್ಟು ಗಂಟೆ ದುಡಿಯುವ ಕರಾರು ಮಾಡಿಕೊಳ್ಳುವ ಮೊದಲು ಇದನ್ನು ಸರಿಯಾಗಿ ವಿಚಾರಿಸಿ. ನಿಮ್ಮ ವಯಸ್ಸಿಗೆ ಒಳ್ಳೆಯ ದಾರಿ ವರ್ಕ್ ಅಂಡ್ ಹಾಲಿಡೇ ವೀಸಾ, ಸಂಖ್ಯೆ 462. 2024ರಿಂದ ಭಾರತೀಯರಿಗೂ ಇದೆ. 18ರಿಂದ 30 ವರ್ಷದವರಿಗೆ, ವರ್ಷಕ್ಕೆ 1,000 ಜನಕ್ಕೆ, ಲಾಟರಿಯಲ್ಲಿ ಆಯ್ಕೆ. ಗಂಡ-ಹೆಂಡತಿ ಎಂದು ಒಟ್ಟಿಗೆ ಕೊಡುವುದಿಲ್ಲ, ಇಬ್ಬರೂ ಬೇರೆ ಬೇರೆಯಾಗಿ ಹೆಸರು ಹಾಕಬೇಕು. ಒಬ್ಬರಿಗೆ ಮಾತ್ರ ಬಂದರೆ ಏನು ಮಾಡುವುದು ಎಂದು ಈಗಲೇ ಮಾತಾಡಿಕೊಳ್ಳಿ.

ಊರಿಗೆ ಬರೆಯುವಾಗ ಮೂರು ವಿಷಯ ಕೇಳಿ: ಸಾಕುಪ್ರಾಣಿ ನಿಯಮ ಏನು, ಬಂದವರು ಸಭೆಗೆ ಕೂರಬಹುದೇ, ಎಲ್ಲರೂ ಸೇರಿ ಕೆಲಸ ಮಾಡುವ ದಿನ ಯಾವುದು. ಮಲೇನಿಯ ಒಬಿ ಒಬಿ ಹೊಳೆಯಲ್ಲಿ ಪ್ಲಾಟಿಪಸ್ ಎಂಬ ಬಾತುಕೊಕ್ಕಿನ ನೀರುಪ್ರಾಣಿ ನೋಡಲು ಕಟ್ಟೆಗಳಿವೆ. ಬೆಳಗಿನ ಜಾವ ಅಥವಾ ಮುಸ್ಸಂಜೆ ಹೋಗಿ, ಮಾತಾಡದೆ ನಿಂತು, ನೀರಿನ ಮೇಲೆ ಗುಳ್ಳೆಯ ಸಾಲು ಎಲ್ಲಿ ಏಳುತ್ತದೆ ನೋಡಿ, ಅದರ ಹಿಂದೆಯೇ ಮೇಲೆ ಬರುತ್ತದೆ. ಇನ್ನೇನಾದರೂ ಕೇಳುವುದಿದ್ದರೆ ಕೆಳಗೆ ಬರೆಯಿರಿ, ತೋಟದ ವಿಷಯವಾದರೆ ನಮ್ಮವರನ್ನೇ ಕೂರಿಸಿ ಉತ್ತರ ಬರೆಸುತ್ತೇನೆ.