ನೂರು ಸಾಲಿನ ಎರರ್‌ನಲ್ಲಿ ನಿಮ್ಮದು ಒಂದೇ ಸಾಲು

ಮ್ಯೂನಿಕ್‌ಗೆ ಬಂದು ಮೂರು ವಾರ. ಚಳಿ, ಊಟ ಹೇಗೋ ನಡೆಯುತ್ತಿದೆ, ಆದರೆ ಆಫೀಸಿನ ಸಿ++ ಟೆಂಪ್ಲೇಟ್ ಕೋಡ್ (ಹಲವು ಬಗೆಯ ಡೇಟಾಗೆ ಹೊಂದುವಂತೆ ಬರೆದ ಅಚ್ಚು) ಉಗುಳುವ ಎರರ್ ನೋಡಿದರೆ ಕೈಕಾಲು ಆಡಲ್ಲ, ಪಕ್ಕದವರನ್ನು ಕೇಳಲು ಸಂಕೋಚ ಅಂತ ಬರೆದಿದ್ದೀರಿ. ನನಗೂ ಹಾಗೇ ಆಗಿತ್ತು.

ನಾನು ಬಂದಿದ್ದು 2009ರಲ್ಲಿ. ಬಂದ ಹೊಸತರಲ್ಲಿ ಒಂದು ಲಿಸ್ಟ್ ಅನ್ನು ಲೈಬ್ರರಿಯ ಸಾರ್ಟ್‌ಗೆ, ಅಂದರೆ ಕ್ರಮವಾಗಿ ಜೋಡಿಸುವ ಫಂಕ್ಷನ್‌ಗೆ ಕೊಟ್ಟೆ. ಸ್ಕ್ರೀನ್ ತುಂಬ ಎರರ್. ಮೈನಸ್ ಆಪರೇಟರ್ ಇಲ್ಲವಂತೆ! ನಾನು ಮೈನಸ್ ಬರೆದೇ ಇರಲಿಲ್ಲ. ವಿಷಯ ಇಷ್ಟೇ: ಸಾರ್ಟ್ ತನ್ನೊಳಗೆ ಕೊನೆಯ ಇಟರೇಟರ್‌ನಿಂದ ಮೊದಲಿನದನ್ನು ಕಳೆಯುತ್ತದೆ (ಇಟರೇಟರ್ ಅಂದರೆ ಸಾಲಿನಲ್ಲಿ ಒಂದು ಜಾಗ ತೋರಿಸುವ ಬೆರಳಿದ್ದಂತೆ). ಲಿಸ್ಟಿನ ಇಟರೇಟರ್‌ಗೆ ಒಂದೊಂದೇ ಹೆಜ್ಜೆ ಹಿಂದೆ ಮುಂದೆ ಹೋಗುವುದಷ್ಟೇ ಗೊತ್ತು. ತಪ್ಪು ನನ್ನ ಬಾಗಿಲಲ್ಲಿ, ಕೂಗು ಲೈಬ್ರರಿಯ ಒಳಮನೆಯಲ್ಲಿ.

ಅರ್ಧ ದಿನ ಹಾಳಾದ ಮೇಲೆ ಪಕ್ಕದ ಹಿರಿಯ ಜರ್ಮನ್ ಸಹೋದ್ಯೋಗಿ ಬಂದು, 'ಇನ್‌ಸ್ಟ್ಯಾನ್ಶಿಯೇಟೆಡ್ ಫ್ರಮ್ ಹಿಯರ್' ಅಂತ ಹುಡುಕಿ ತೋರಿಸಿದರು. ಈಗ ಅದು 'ರಿಕ್ವೈರ್ಡ್ ಫ್ರಮ್ ಹಿಯರ್' ಅಂತ ಇರುತ್ತದೆ. ಜಿಸಿಸಿ ಕಂಪೈಲರ್‌ನಲ್ಲಿ ನಿಮ್ಮ ಫೈಲಿನ ಹೆಸರು, ಸಾಲಿನ ನಂಬರ್ ಸಿಗುವುದು ಅಲ್ಲೇ. ಓದುವುದನ್ನು ಅಲ್ಲಿಂದ ಶುರು ಮಾಡಿ. ಮೊದಲ ಎರರ್ ಮಾತ್ರ ನೋಡಿ, ಸರಿಮಾಡಿ, ಮತ್ತೆ ಕಂಪೈಲ್ ಮಾಡಿ. ಉಳಿದವು ಜಾಸ್ತಿ ಪಾಲು ಅದರ ಬಾಲವೇ.

ಇದಕ್ಕೆ ಮದ್ದು ಕಾನ್ಸೆಪ್ಟ್ಸ್, ಅಂದರೆ ಟೆಂಪ್ಲೇಟ್‌ಗೆ ಏನು ಬೇಕು ಅನ್ನುವ ಷರತ್ತನ್ನು ಕೋಡಿನಲ್ಲೇ ಬರೆದಿಡುವುದು. ನಾನು ಬಂದ ವರ್ಷವೇ, ಜುಲೈನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸೇರಿದ ಸಿ++ ಸಮಿತಿ ಅದನ್ನು ಕೈಬಿಟ್ಟಿತು. ಬೇರೆ ರೂಪದಲ್ಲಿ ಬಂದಿದ್ದು ಸಿ++20ಕ್ಕೆ, ಅಂದರೆ ಭಾಷೆಯ 2020ರ ಆವೃತ್ತಿಗೆ. ಈಗ ಅದೇ ಲಿಸ್ಟ್ ಅನ್ನು ಆ ಆವೃತ್ತಿಯದ್ದೇ ಆದ ರೇಂಜಸ್ ಲೈಬ್ರರಿಯ ಸಾರ್ಟ್‌ಗೆ ಕೊಟ್ಟು ನೋಡಿ. ರ್‍ಯಾಂಡಮ್ ಆಕ್ಸೆಸ್ ಇಟರೇಟರ್ (ಎಲ್ಲಿಗೆ ಬೇಕಾದರೂ ಒಂದೇ ಸಲ ಜಿಗಿಯಬಲ್ಲದ್ದು) ಬೇಕು, ನಿನ್ನದು ಅದಲ್ಲ ಅಂತ ಹೊಸಿಲಲ್ಲೇ ತಡೆಯುತ್ತದೆ. ಮೆಸೇಜ್ ಈಗಲೂ ಉದ್ದವೇ, ನಾನು ಸುಳ್ಳು ಹೇಳಲ್ಲ. ಆದರೆ ನಿಜವಾದ ಕಾರಣದ ಹೆಸರು ಅದರಲ್ಲಿರುತ್ತದೆ. (ಲಿಸ್ಟ್‌ಗೆ ತನ್ನದೇ ಸಾರ್ಟ್ ಇದೆ, ಅದನ್ನು ಬಳಸಿ.) ನೀವು ಟೆಂಪ್ಲೇಟ್ ಬರೆಯುವಾಗಲೂ ಷರತ್ತನ್ನು ಮೇಲೆಯೇ ಬರೆಯಿರಿ. ಹಳೆಯ ಕೋಡ್ ಆದರೆ ಒಂದು ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ಆಗುವಾಗಲೇ ಷರತ್ತು ನೋಡುವ ಸಾಲು) ಹಾಕಿ, ನಿಮ್ಮ ಮಾತಲ್ಲೇ ಕಾರಣ ಹೇಳಬಹುದು.

ಇನ್ನು ಸಂಕೋಚ. ಗೊತ್ತಿಲ್ಲ ಅಂದರೆ ನನ್ನ ಟೀಮಿನಲ್ಲಿ ಯಾರೂ ನಕ್ಕಿದ್ದಿಲ್ಲ. ಎರಡು ದಿನ ಸುಮ್ನೆ ಕೂತು ಆಮೇಲೆ ಬಾಯಿ ಬಿಟ್ಟಾಗ ಮಾತ್ರ, ಮೊದಲೇ ಯಾಕೆ ಹೇಳಲಿಲ್ಲ ಅಂತ ಮುಖಕ್ಕೇ ಕೇಳಿದರು. ಬೇಜಾರಾಯಿತು, ಆದರೆ ಅವರ ಮಾತು ಸರಿ ಅಲ್ವಾ?

ಅಂದಹಾಗೆ, ಇಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ಬಾಗಿಲು ಹಾಕಿರುತ್ತದೆ. ಹಾಲು ಮೊಸರು ಶನಿವಾರವೇ ತಂದಿಡಿ.